ಗ್ರೈಂಡರಿನಲ್ಲಿ ನೀಲಿಗಟ್ಟಿದ ಕ್ಷೌರದ ಕತ್ತಿ: ಕಲೆ ಹೋದರೂ ಹದ ಮರಳದು

ಪ್ರಶ್ನೆ: ಇಎನ್ 31 ಬೇರಿಂಗ್ ಉಕ್ಕಿನ ಪಟ್ಟಿಯಿಂದ ಮಡಚುವ ಕ್ಷೌರದ ಕತ್ತಿಯೊಂದನ್ನು ಮಾಡುತ್ತಿದ್ದೇನೆ. ಅಲಗಿನ ಅಗಲ 19 ಮಿ.ಮೀ., ಬೆನ್ನಿನ ದಪ್ಪ 5.5 ಮಿ.ಮೀ., ಉದ್ದ 75 ಮಿ.ಮೀ. ಕಾಯಿಸಿ ಎಣ್ಣೆಯಲ್ಲಿ ಅದ್ದಿ ಹಾರ್ಡನ್ ಮಾಡಿ (ಗಡಸುಗೊಳಿಸಿ), ಸಿಡಿಯದಂತೆ ಹದಕ್ಕೆ ತರಲು 190 ಡಿಗ್ರಿಯಲ್ಲಿ ಎರಡು ಸಲ ಟೆಂಪರ್ ಮಾಡಿದ್ದೆ. ಬೆಲ್ಟ್ ಗ್ರೈಂಡರಿನಲ್ಲಿ ಎರಡೂ ಬದಿ ಕುಳಿ ತೆಗೆಯುತ್ತಾ ಅಂಚಿನ ದಪ್ಪ 0.3 ಮಿ.ಮೀ.ಗೆ ಬಂದಾಗ, ತುದಿಯಲ್ಲಿ ಸುಮಾರು 12 ಮಿ.ಮೀ. ಉದ್ದ, 1.5 ಮಿ.ಮೀ. ಎತ್ತರದ ನೇರಳೆ-ನೀಲಿ ಕಲೆ ಮೂಡಿತು. ತಕ್ಷಣ ನೀರಿಗೆ ಅದ್ದಿದೆ. ಎಮರಿ ಕಾಗದದಿಂದ ಉಜ್ಜಿದ ಮೇಲೆ ಕಲೆ ಪೂರ್ತಿ ಹೋಗಿದೆ. ಕತ್ತಿ ಈಗ ಸರಿಯಿದೆಯೇ? ಓವನ್ನಿನಲ್ಲಿ ಇನ್ನೊಮ್ಮೆ ಟೆಂಪರ್ ಮಾಡಿದರೆ ಸಾಕೇ, ಅಥವಾ ಮೊದಲಿನಿಂದ ಹಾರ್ಡನ್ ಮಾಡಬೇಕೇ?

ಉತ್ತರ: ಕತ್ತಿ ಸರಿಯಿಲ್ಲ. ಆದರೆ ಎಸೆಯಬೇಕಾಗಿಲ್ಲ, ಮತ್ತೆ ಕುಲುಮೆಗೆ ಹಾಕಲೂ ಬೇಡಿ. ಮೆತ್ತಗಾದ ಲೋಹವನ್ನು ನೀರು ಹಾಕಿಕೊಂಡು, ಕೈಯಿಂದಲೇ, ಕಲ್ಲಿನ ಮೇಲೆ ತೆಗೆದು ಅಂಚನ್ನು ಸುಮಾರು 2 ಮಿ.ಮೀ. ಹಿಂದಕ್ಕೆ ತನ್ನಿ. ಆಮೇಲೆ ಬೆನ್ನಿನ ದಪ್ಪವನ್ನು ಅದಕ್ಕೆ ಹೊಂದಿಸಿ. ನೀವು ಕೊಟ್ಟ ಅಳತೆಗಳಿಗೆ ಇದೇ ಸರಿಯಾದ ದಾರಿ. ಇದರ ಹಿಂದಿನ ಕಾರಣವನ್ನು ಸ್ವಲ್ಪ ವಿಸ್ತಾರವಾಗಿಯೇ ಹೇಳುತ್ತೇನೆ. ಕಾರಣ ತಿಳಿಯದೆ ದುರಸ್ತಿಗೆ ಇಳಿದವರು ದುರಸ್ತಿಯ ನಡುವೆಯೇ ಇನ್ನೊಮ್ಮೆ ಸುಟ್ಟುಕೊಳ್ಳುತ್ತಾರೆ.

ಕಲೆ ಎಂದರೆ ಉಕ್ಕಿನ ಮೈಮೇಲೆ ಬೆಳೆದ ಆಕ್ಸೈಡಿನ ತೆಳು ಪೊರೆ. ನೀಲಿಯಾದಾಗಲೂ ಅದರ ದಪ್ಪ ಮಿಲಿಮೀಟರಿನ ಹತ್ತು ಸಾವಿರದಲ್ಲಿ ಒಂದು ಪಾಲನ್ನು ಮುಟ್ಟುವುದಿಲ್ಲ. ಎಮರಿ ಕಾಗದದ ನಾಲ್ಕು ಎಳೆತಕ್ಕೆ ಅದು ಹೋಗಲೇಬೇಕು. ಆದರೆ ಪೊರೆ ಬರೀ ಸಾಕ್ಷಿ. ಹಾನಿ ಆಗಿರುವುದು ಅದರ ಕೆಳಗಿನ ಲೋಹಕ್ಕೆ. ಅಂಚು 0.3 ಮಿ.ಮೀ. ಇರುವಾಗ ಶಾಖ ಒಂದು ಬದಿಯಲ್ಲಿ ನಿಲ್ಲುವ ಮಾತೇ ಇಲ್ಲ, ಈ ಕಡೆಯಿಂದ ಆ ಕಡೆಗೆ ಪೂರ್ತಿ ಹಾಯುತ್ತದೆ. ಆದ್ದರಿಂದ ಒಂದೇ ಬದಿಯಲ್ಲಿ ಕಲೆ ಕಂಡಿದ್ದರೂ ಅಷ್ಟು ಜಾಗದ ಇಡೀ ದಪ್ಪ ಮೆತ್ತಗಾಗಿದೆ ಎಂದೇ ಇಟ್ಟುಕೊಳ್ಳಿ. ಕಲೆಯನ್ನು ಉಜ್ಜಿ ತೆಗೆದದ್ದರಿಂದ ನಿಮಗಾದದ್ದು ಒಂದು ನಷ್ಟ: ಹಾನಿ ಎಲ್ಲಿಯವರೆಗಿದೆ ಎಂದು ತೋರಿಸುತ್ತಿದ್ದ ಗಡಿ ಅಳಿಸಿಹೋಯಿತು. ಇನ್ನು ಮುಂದೆ ಬಣ್ಣ ಬಂದರೆ ಮೊದಲು ಮಾರ್ಕರ್ ಪೆನ್ನಿನಲ್ಲಿ ಅದರ ಸುತ್ತ ಗೆರೆ ಎಳೆದು, ಫೋಟೊ ತೆಗೆದಿಟ್ಟುಕೊಂಡು, ಆಮೇಲೆ ಉಜ್ಜಿ.

ಬಣ್ಣಗಳ ಲೆಕ್ಕ ಹೀಗೆ. ಸಾದಾ ಕಾರ್ಬನ್ ಉಕ್ಕು, ಇಎನ್ 31, ಓ1 ಎಂಬ ಉಪಕರಣದ ಉಕ್ಕು ಇವುಗಳಲ್ಲಿ ತಿಳಿ ಹುಲ್ಲಿನ ಹಳದಿ ಸುಮಾರು 205ರಿಂದ 225 ಡಿಗ್ರಿ ಸೆಲ್ಸಿಯಸ್, ಕಡು ಹಳದಿ 240, ಕಂದು 255ರಿಂದ 265, ನೇರಳೆ 275ರಿಂದ 285, ಕಡು ನೀಲಿ 295, ತಿಳಿ ನೀಲಿ 310ರ ಮೇಲೆ, ಅದರಾಚೆಗೆ ಬೂದು. ಈ ಅಂಕಿಗಳು ಕೆಲವು ನಿಮಿಷ ಕಾಯಿಸಿದಾಗಿನವು. ಗ್ರೈಂಡರಿನಲ್ಲಿ ಒಂದು ಸೆಕೆಂಡಿನೊಳಗೆ ಅದೇ ಬಣ್ಣ ಬಂದಿದ್ದರೆ ಅಂಚು ಮುಟ್ಟಿದ ಶಾಖ ಪಟ್ಟಿಯ ಅಂಕಿಗಿಂತ ಹೆಚ್ಚೇ ಇರುತ್ತದೆ. ಮೆತ್ತಗಾಗುವುದೂ ಶಾಖ ಮತ್ತು ಸಮಯ ಎರಡನ್ನೂ ಅವಲಂಬಿಸಿದೆ. ಹೀಗಾಗಿ ಅತ್ತಿತ್ತ ಸರಿದೂಗಿ, ಬಣ್ಣವನ್ನು ಒಂದು ಒರಟು ಅಳತೆಗೋಲಾಗಿ ನಂಬಬಹುದು.

ಈಗ ಗಡಸುತನದ ಮಾತು. ಸರಿಯಾಗಿ ಹಾರ್ಡನ್ ಆದ ಇಎನ್ 31 ಉಕ್ಕನ್ನು ಒಂದು ಗಂಟೆ 150 ಡಿಗ್ರಿಯಲ್ಲಿ ಟೆಂಪರ್ ಮಾಡಿದರೆ ಸುಮಾರು 63 ರಾಕ್‌ವೆಲ್ ಸಿ (ಗಡಸುತನದ ಮಾಪನ) ಉಳಿಯುತ್ತದೆ. 200ರಲ್ಲಿ 61, 250ರಲ್ಲಿ 59, 300ರಲ್ಲಿ 57, 350ರಲ್ಲಿ 55ರ ಆಸುಪಾಸು. ನೀವು 190ರಲ್ಲಿ ಮಾಡಿರುವುದರಿಂದ ಉಳಿದ ಅಲಗು 61-62ರಲ್ಲಿದೆ, ಕ್ಷೌರದ ಕತ್ತಿಗೆ ಹೇಳಿಮಾಡಿಸಿದ ಹದ. ನೀಲಿಗಟ್ಟಿದ ಜಾಗ 57ಕ್ಕೆ ಇಳಿದಿದೆ ಎಂದುಕೊಳ್ಳಿ. ಅಡುಗೆ ಚಾಕುವಿಗೆ 57 ಕಳಪೆ ಏನಲ್ಲ. ಆದರೆ ಕ್ಷೌರದ ಕತ್ತಿಯ ಎರಡು ಮುಖಗಳ ನಡುವಿನ ಕೋನ ಬರೀ 16-18 ಡಿಗ್ರಿ; ಅಷ್ಟು ತೆಳುವಾದ ಬಾಯಿಯಲ್ಲಿ ಮೆತ್ತಗಿನ ಲೋಹ ಗಡ್ಡದ ಕೂದಲಿಗೆ ಮಡಚಿಕೊಳ್ಳುತ್ತದೆ. ಒಂದೆರಡು ಸಲ ಚೆನ್ನಾಗಿ ಹೆರೆದು, ಮೂರನೇ ಸಲ ತುದಿಯ ಆ 12 ಮಿ.ಮೀ. ಮಾತ್ರ ಕೂದಲನ್ನು ಎಳೆಯತೊಡಗುತ್ತದೆ. ತುದಿ ಎಂದರೆ ಮೂಗಿನ ಕೆಳಗೆ, ತುಟಿಯ ಅಂಚಿನಲ್ಲಿ ಕೆಲಸ ಮಾಡುವ ಜಾಗ. ಇಡೀ ಅಲಗಿನಲ್ಲಿ ಅತ್ಯಂತ ನಾಜೂಕಾಗಿ ಕೊಯ್ಯಬೇಕಾದದ್ದು ಅದೇ.

ನೀರಿಗೆ ಅದ್ದಿದ್ದರಿಂದ ಶಾಖ ಇನ್ನಷ್ಟು ಮೇಲಕ್ಕೆ ಹರಡುವುದು ತಪ್ಪಿರಬಹುದು, ಅಷ್ಟೇ. ಬೆಂದ ಮೊಟ್ಟೆಯನ್ನು ತಣ್ಣೀರಿಗೆ ಹಾಕಿದರೆ ಅದು ಮತ್ತೆ ಹಸಿಯಾಗುವುದಿಲ್ಲ. ಹಾಗೆಯೇ 300 ಡಿಗ್ರಿ ಕಂಡ ಉಕ್ಕು ಎಷ್ಟೇ ಬೇಗ ತಣ್ಣಗಾದರೂ ಕಳೆದುಕೊಂಡ ಗಡಸುತನವನ್ನು ಪಡೆಯುವುದಿಲ್ಲ. ನೀರಿನಲ್ಲಿ ಅದ್ದಿ ಗಡಸು ಮಾಡಬೇಕಾದರೆ ಮೊದಲು ಉಕ್ಕು 800 ಡಿಗ್ರಿ ದಾಟಿ ಅದರ ಒಳರಚನೆಯೇ ಬದಲಾಗಿರಬೇಕು. ಓವನ್ನಿನ ಟೆಂಪರಿಂಗ್ ಕೂಡ ಇಳಿಮುಖದ ದಾರಿಯೇ. ಅದು ಗಡಸುತನವನ್ನು ಕಡಿಮೆ ಮಾಡಬಲ್ಲದು ಅಥವಾ ಇದ್ದಂತೆ ಬಿಡಬಲ್ಲದು, ಹೆಚ್ಚಿಸಲಾರದು.

ಇದಕ್ಕೆ ಒಂದೇ ಒಂದು ಹೊರತು ಇದೆ. ಗ್ರೈಂಡಿಂಗ್ ವೇಳೆ ಅಂಚು ಕಿತ್ತಳೆ ಬಣ್ಣಕ್ಕೆ ಹೊಳೆದು ತಣ್ಣಗಾಗಿದ್ದರೆ ಆ ಚುಕ್ಕೆ ಮೆತ್ತಗಾಗಿರುವುದಿಲ್ಲ. ತಾನೇ ಮತ್ತೆ ಹಾರ್ಡನ್ ಆಗಿ, ಟೆಂಪರ್ ಕಾಣದೆ, ಗಾಜಿನಂತೆ ಸಿಡಿಯುವ ಸ್ಥಿತಿಯಲ್ಲಿರುತ್ತದೆ. ಅದರ ಸುತ್ತ ಮೆತ್ತಗಿನ ಉಂಗುರವೂ ಇರುತ್ತದೆ. ಆಂಗಲ್ ಗ್ರೈಂಡರ್ ಬಳಸುವವರ ಕೈಯಲ್ಲಿ ಇದು ಆಗುತ್ತದೆ. ಅಂಥ ಅಲಗನ್ನು ಮುಟ್ಟುವ ಮೊದಲು, ಹಳೆಯ ಟೆಂಪರಿಂಗ್ ಶಾಖದಲ್ಲೇ ಒಂದು ಗಂಟೆ ಓವನ್ನಿನಲ್ಲಿಡುವುದು ಒಳ್ಳೆಯದು. ಕಲ್ಲಿನ ಮೇಲೆ ಚಕ್ಕೆ ಏಳುವುದು ಕಡಿಮೆಯಾಗುತ್ತದೆ. ಆ ಲೋಹವನ್ನು ತೆಗೆಯುವುದು ಹೇಗೂ ತಪ್ಪದು.

ನಿಮ್ಮ ಮೊದಲ ಕೆಲಸ ಅಳಿಸಿಹೋದ ಗಡಿಯನ್ನು ಮತ್ತೆ ಕಾಣುವಂತೆ ಮಾಡುವುದು. ತುದಿಯ ಕಡೆಯ 30 ಮಿ.ಮೀ. ಭಾಗವನ್ನು ಎರಡೂ ಬದಿ 600, ಆಮೇಲೆ 800 ಅಥವಾ 1000 ನಂಬರಿನ ವಾಟರ್ ಪೇಪರಿನಿಂದ, ಹಳೆಯ ಗೀರು ಉಳಿಯದಂತೆ, ಒಂದೇ ದಿಕ್ಕಿನಲ್ಲಿ ಉಜ್ಜಿ. ಅಸಿಟೋನ್ ಅಥವಾ ಪಾತ್ರೆ ತೊಳೆಯುವ ಸೋಪಿನಿಂದ ಜಿಡ್ಡು ಪೂರ್ತಿ ತೆಗೆಯಿರಿ. ಬೆರಳಿನ ಗುರುತು ಉಳಿದರೂ ಫಲಿತಾಂಶ ಕೆಡುತ್ತದೆ. ಎಲೆಕ್ಟ್ರಾನಿಕ್ಸ್ ಬಿಡಿಭಾಗಗಳ ಅಂಗಡಿಗಳಲ್ಲಿ ಸರ್ಕ್ಯೂಟ್ ಬೋರ್ಡ್ ಮಾಡುವವರಿಗೆಂದು ಫೆರಿಕ್ ಕ್ಲೋರೈಡ್ ಮಾರುತ್ತಾರೆ. ದ್ರಾವಣವಾಗಿ ಸಿಕ್ಕರೆ ಒಂದು ಪಾಲಿಗೆ ನಾಲ್ಕು ಪಾಲು ನೀರು ಸೇರಿಸಿ. ಪುಡಿಯಾಗಿ ಸಿಕ್ಕರೆ ಪುಡಿಯನ್ನು ನೀರಿಗೆ ಸ್ವಲ್ಪಸ್ವಲ್ಪವಾಗಿ ಹಾಕಿ, ನೀರನ್ನು ಪುಡಿಯ ಮೇಲೆ ಸುರಿಯಬೇಡಿ, ಚೆನ್ನಾಗಿ ಬಿಸಿಯಾಗುತ್ತದೆ. ಪ್ಲಾಸ್ಟಿಕ್ ಪಾತ್ರೆ, ರಬ್ಬರ್ ಕೈಗವಸು, ಕನ್ನಡಕ ಬೇಕೇಬೇಕು. ಹತ್ತಿಯಿಂದ ದ್ರಾವಣವನ್ನು ಸಮವಾಗಿ ಹಚ್ಚಿ 20-30 ಸೆಕೆಂಡ್ ಬಿಡಿ, ನೀರಿನಲ್ಲಿ ತೊಳೆದು, ಅಡುಗೆ ಸೋಡಾ ಕಲಸಿದ ನೀರಿನಲ್ಲಿ ಅದ್ದಿ, ಮತ್ತೆ ತೊಳೆದು ಒರೆಸಿ.

ಸರಿಯಾದ ಹದದ ಲೋಹ ತಿಳಿ ಬೂದಾಗಿ ಕಾಣುತ್ತದೆ. ಹೆಚ್ಚು ಶಾಖ ಕಂಡು ಮೆತ್ತಗಾದ ಜಾಗ ಅದಕ್ಕಿಂತ ಕಪ್ಪಗೆ, ಮೋಡದ ನೆರಳಿನಂತೆ ಮೂಡುತ್ತದೆ. ಕಪ್ಪಿನ ನಡುವೆ ಬೆಳ್ಳಗೆ ಹೊಳೆಯುವ ಚುಕ್ಕೆ ಕಂಡರೆ ಅದು ಮೇಲೆ ಹೇಳಿದ, ಮತ್ತೆ ಹಾರ್ಡನ್ ಆದ ಭಾಗ. ಸ್ಪಷ್ಟವಾಗದಿದ್ದರೆ ಇನ್ನೊಮ್ಮೆ ಹಚ್ಚಿ. ಒಂದೇ ಸಲ ಎರಡು ನಿಮಿಷ ಬಿಟ್ಟರೆ ಎಲ್ಲವೂ ಕಪ್ಪಾಗಿ ವ್ಯತ್ಯಾಸ ಮುಚ್ಚಿಹೋಗುತ್ತದೆ. ನೆರಳಿನ ಮೇಲಂಚಿನಿಂದ 0.3 ಮಿ.ಮೀ. ಮೇಲಕ್ಕೆ ಚೂಪು ಮೊಳೆಯಿಂದ ಗೆರೆ ಕೊರೆದುಕೊಳ್ಳಿ. ಅಂಚು ಅಲ್ಲಿಯವರೆಗೆ ಹಿಂದೆ ಸರಿಯಬೇಕು.

ಕೆಲವರು ರಾಕ್‌ವೆಲ್ ಯಂತ್ರದಲ್ಲಿ ಪರೀಕ್ಷೆ ಮಾಡಿಸಲು ಓಡುತ್ತಾರೆ. ಪೀಣ್ಯದಂಥ ಕೈಗಾರಿಕಾ ಪ್ರದೇಶಗಳಲ್ಲಿ ಆ ಸೌಲಭ್ಯ ಸುಲಭವಾಗಿ ಸಿಗುತ್ತದೆ, ನಿಜ. ಆದರೆ ಸಿ ಮಾಪನದಲ್ಲಿ ವಜ್ರದ ಮೊನೆಯನ್ನು 150 ಕೆ.ಜಿ. ಭಾರದಲ್ಲಿ ಒತ್ತುತ್ತಾರೆ, 0.3 ಮಿ.ಮೀ. ಅಂಚಿನಲ್ಲಿ ಅದು ಅರ್ಥವಿಲ್ಲದ ಅಂಕಿ ಕೊಡುತ್ತದೆ ಅಥವಾ ಅಲಗನ್ನೇ ಮುರಿಯುತ್ತದೆ. ಬೆನ್ನಿನ ಮೇಲೆ ಪರೀಕ್ಷಿಸಿದರೆ 61 ಎಂದು ಬರುತ್ತದೆ, ಬೆನ್ನು ಸುಟ್ಟೇ ಇಲ್ಲವಲ್ಲ. ಅಂಚನ್ನೇ ಅಳೆಯಬೇಕಾದರೆ ಕೆಲವು ನೂರು ಗ್ರಾಂ ಭಾರದ ಮೈಕ್ರೋ ವಿಕರ್ಸ್ ಪರೀಕ್ಷೆ ಬೇಕು. ಒಂದು ಕತ್ತಿಗೆ ಅಷ್ಟು ಖರ್ಚು ಬೇಡ, ಫೆರಿಕ್ ಕ್ಲೋರೈಡ್ ಸಾಕು.

ಇದೇ ಹೊತ್ತಿನಲ್ಲಿ ಬಿರುಕು ಇದೆಯೇ ನೋಡಿಕೊಳ್ಳಿ. ಗ್ರೈಂಡಿಂಗ್ ಬಿರುಕುಗಳು ಸಾಮಾನ್ಯವಾಗಿ ಬೆಲ್ಟಿನ ಗೀರುಗಳಿಗೆ ಅಡ್ಡಲಾಗಿ, ಕೂದಲಿನಷ್ಟು ಸಣ್ಣಗೆ ಇರುತ್ತವೆ. ಸೀಮೆಎಣ್ಣೆಯನ್ನೋ ತೆಳುವಾದ ಯಂತ್ರದ ಎಣ್ಣೆಯನ್ನೋ ಹಚ್ಚಿ ಹದಿನೈದು ನಿಮಿಷ ಬಿಟ್ಟು, ಪೂರ್ತಿ ಒರೆಸಿ, ಸೀಮೆಸುಣ್ಣದ ಪುಡಿ ಸವರಿ. ಬಿರುಕಿದ್ದರೆ ಅದರೊಳಗಿನ ಎಣ್ಣೆ ಒಸರಿ ಸುಣ್ಣದ ಮೇಲೆ ಗೆರೆ ಮೂಡುತ್ತದೆ. ನೀವು ತೆಗೆಯಲಿರುವ 2 ಮಿ.ಮೀ. ಒಳಗೇ ಬಿರುಕು ಮುಗಿದರೆ ಚಿಂತೆಯಿಲ್ಲ. ಅದಕ್ಕಿಂತ ಮೇಲೆ ಹೋಗಿದ್ದರೆ ಆ ಅಲಗಿನ ಮೇಲೆ ಇನ್ನೊಂದು ಗಂಟೆಯನ್ನೂ ಹಾಕಬೇಡಿ. ಮುಖದ ಮೇಲೆ ಆಡುವ ವಸ್ತುವಿನಲ್ಲಿ ಬಿರುಕಿನೊಂದಿಗೆ ರಾಜಿ ಸಲ್ಲದು.

ಲೋಹ ತೆಗೆಯಲು ಗ್ರೈಂಡರ್ ಹಚ್ಚಬೇಡಿ. 300-400 ನಂಬರಿನ ಡೈಮಂಡ್ ಪ್ಲೇಟು ಅಥವಾ ಅಷ್ಟೇ ಒರಟಾದ ಸಾಣೆಕಲ್ಲನ್ನು ನೀರಿನಲ್ಲಿ ತೋಯಿಸಿ, ಅಲಗನ್ನು ನೆಟ್ಟಗೆ ಲಂಬವಾಗಿ ನಿಲ್ಲಿಸಿ, ಬಾಯಿಯನ್ನೇ ಕೆಳಗೆ ಮಾಡಿ, ಬ್ರೆಡ್ ಕೊಯ್ಯುವಂತೆ ಉದ್ದುದ್ದಕ್ಕೆ ಎಳೆಯಿರಿ. ಇಷ್ಟು ಕಷ್ಟಪಟ್ಟು ತೆಳುಮಾಡಿದ ಅಂಚನ್ನು ಹೀಗೆ ಮೊಂಡು ಮಾಡಲು ಮನಸ್ಸು ಒಪ್ಪುವುದಿಲ್ಲ. ಆದರೆ ಬದಿಯಿಂದ ಉಜ್ಜುತ್ತಾ ಹಿಂದೆ ಸರಿಸುವುದಕ್ಕಿಂತ ಇದು ಬೇಗ, ಮತ್ತು ಅಂಚು ನೇರವಾಗಿ ಉಳಿಯುತ್ತದೆ. ತೆಗೆಯಬೇಕಾದದ್ದು ಅರ್ಧ ಮಿಲಿಮೀಟರ್ ದಪ್ಪದ ಪಟ್ಟಿ ಅಷ್ಟೇ, ತಾಳ್ಮೆಯಿಂದ ಅರ್ಧ-ಮುಕ್ಕಾಲು ಗಂಟೆಯ ಕೆಲಸ. ಪ್ರತಿ ಇಪ್ಪತ್ತು ಎಳೆತಕ್ಕೊಮ್ಮೆ ಹಿಮ್ಮಡಿಯಿಂದ (ಹಿಡಿಯ ಕಡೆಯ ಕೊನೆಯಿಂದ) ತುದಿಯವರೆಗೆ ಮೂರು ಕಡೆ ಅಗಲವನ್ನು ವರ್ನಿಯರ್ ಕ್ಯಾಲಿಪರಿನಿಂದ ಅಳೆಯಿರಿ. ಕಲ್ಲಿನ ಮಧ್ಯದಲ್ಲೇ ಎಳೆಯುತ್ತಿದ್ದರೆ ಅಲ್ಲಿ ಕಾಲುವೆ ಬೀಳುತ್ತದೆ, ಜಾಗ ಬದಲಿಸುತ್ತಿರಿ. ಗುರುತಿನ ಗೆರೆ ಮುಟ್ಟಿದ ಮೇಲೆ ಇನ್ನೊಮ್ಮೆ ಫೆರಿಕ್ ಕ್ಲೋರೈಡ್ ಹಚ್ಚಿ ನೋಡಿ. ನೆರಳು ಎಲ್ಲೂ ಇಲ್ಲದಿದ್ದರೆ ಮುಂದಕ್ಕೆ ಹೋಗಬಹುದು.

ಇಲ್ಲಿಂದ ಮುಂದೆ ಜ್ಯಾಮಿತಿ. ಕ್ಷೌರದ ಕತ್ತಿಯನ್ನು ಮಸೆಯುವಾಗ ಬೆನ್ನು ಮತ್ತು ಬಾಯಿ ಎರಡೂ ಕಲ್ಲನ್ನು ಮುಟ್ಟಿರುತ್ತವೆ. ಆದ್ದರಿಂದ ಬಾಯಿಯ ಕೋನವನ್ನು ನಿಮ್ಮ ಕೈ ತೀರ್ಮಾನಿಸುವುದಿಲ್ಲ. ಬೆನ್ನಿನ ದಪ್ಪ ಮತ್ತು ಅಲಗಿನ ಅಗಲದ ಅನುಪಾತ ತೀರ್ಮಾನಿಸುತ್ತದೆ. ನಿಮ್ಮ ಮೂಲ ಅಳತೆಯಲ್ಲಿ, ಅಂದರೆ 5.5ಕ್ಕೆ 19ರಲ್ಲಿ, ಕೋನ ಸುಮಾರು 16.6 ಡಿಗ್ರಿ. ಅಂಚು 2 ಮಿ.ಮೀ. ಹಿಂದೆ ಸರಿದು ಅಗಲ 17 ಆದಾಗ ಅದು 18.6 ಆಗುತ್ತದೆ. ಇಷ್ಟರಲ್ಲೂ ಕ್ಷೌರ ಆಗುತ್ತದೆ, ಆದರೆ ಒಂದಿಷ್ಟು ಒರಟು. ಬೆನ್ನನ್ನು ಎರಡೂ ಬದಿ 0.2 ಮಿ.ಮೀ. ತೆಗೆದು 5.1ಕ್ಕೆ ತಂದರೆ ಕೋನ 17.3 ಡಿಗ್ರಿಗೆ ಇಳಿಯುತ್ತದೆ. ನಾನಾದರೆ ಅಲ್ಲಿಗೆ ನಿಲ್ಲಿಸುತ್ತೇನೆ. ಅಗಲ 16ಕ್ಕೆ ಇಳಿಸಬೇಕಾಗಿ ಬಂದಿದ್ದರೆ 5.5ರ ಬೆನ್ನಿಗೆ ಕೋನ 19.8 ಆಗುತ್ತಿತ್ತು, ಆಗ ಬೆನ್ನಿನಿಂದ ತುಂಬ ಲೋಹ ತೆಗೆಯಬೇಕಾಗುತ್ತಿತ್ತು. ಅಂದರೆ ಸುಟ್ಟ ಕತ್ತಿ ಉಳಿಯುತ್ತದೋ ಇಲ್ಲವೋ ಎನ್ನುವುದಕ್ಕೆ ಕಲೆಯ ಬಣ್ಣಕ್ಕಿಂತ ಕಲೆಯ ಎತ್ತರ ಮುಖ್ಯ. ಹಿಮ್ಮಡಿಯಿಂದ ತುದಿಯವರೆಗೆ ಬೆನ್ನನ್ನು ಸಮವಾಗಿ ತೆಗೆಯಿರಿ. ಒಂದು ಕಡೆ ಹೆಚ್ಚು ಹೋದರೆ ಮಸೆದ ಮುಖದ ಅಗಲ ಒಂದು ತುದಿಯಲ್ಲಿ ದಪ್ಪ, ಇನ್ನೊಂದು ತುದಿಯಲ್ಲಿ ಸಣ್ಣ ಆಗಿ ಕಾಣುತ್ತದೆ.

ಅಗಲ ಪೂರ್ತಿ ಕಳೆದುಕೊಳ್ಳಲು ಇಷ್ಟವಿಲ್ಲದಿದ್ದರೆ ಇನ್ನೊಂದು ದಾರಿಯಿದೆ. ಹಾನಿ ತುದಿಯಲ್ಲಿ ಮಾತ್ರ ಇರುವುದರಿಂದ ಬಾಯಿಗೆ ದೋಣಿಯ ತಳದಂಥ ಸಣ್ಣ ಬಾಗು ಕೊಡಬಹುದು: ತುದಿಯಲ್ಲಿ 2 ಮಿ.ಮೀ., ಮಧ್ಯದಲ್ಲಿ ಅರ್ಧ ಮಿ.ಮೀ., ಹಿಮ್ಮಡಿಯಲ್ಲಿ ಸ್ವಲ್ಪ. ಇಂಗ್ಲೆಂಡಿನ ಶೆಫೀಲ್ಡ್ ಊರಿನ ಹಳೆಯ ಕತ್ತಿಗಳಲ್ಲಿ ಇಂಥ ಬಾಗು ಸಾಮಾನ್ಯ, ನೋಡಲೂ ಚಂದ. ಆದರೆ ಆಗ ತುದಿಯ ಕೋನ ಮಧ್ಯದ ಕೋನಕ್ಕಿಂತ ಹೆಚ್ಚಾಗುತ್ತದೆ, ಅದನ್ನು ಸರಿದೂಗಿಸಲು ತುದಿಯ ಕಡೆ ಬೆನ್ನನ್ನೂ ಕ್ರಮೇಣ ತೆಳು ಮಾಡಬೇಕು. ಮಸೆಯುವಾಗಲೂ ಕತ್ತಿಯನ್ನು ತೂಗುತ್ತಾ ಎಳೆಯುವ ಅಭ್ಯಾಸ ಬೇಕು. ಮೊದಲ ಕತ್ತಿಗೆ ನೇರ ಅಂಚೇ ವಾಸಿ.

ಅಂಚು ಹಿಂದೆ ಸರಿದ ಮೇಲೆ ಅಲ್ಲಿನ ದಪ್ಪ 0.3 ಇರುವುದಿಲ್ಲ. ಕುಳಿ ಎಷ್ಟು ಆಳವಾಗಿದೆ ಎಂಬುದರ ಮೇಲೆ 0.4ರಿಂದ 0.6 ಇರಬಹುದು. ಹಾಗೇ ಮಸೆಯಲು ಕೂತರೆ, 0.5 ಮಿ.ಮೀ. ದಪ್ಪಕ್ಕೆ ಮಸೆದ ಮುಖ ಸುಮಾರು 1.6 ಮಿ.ಮೀ. ಅಗಲವಾಗುತ್ತದೆ: ಕಲ್ಲಿಗೆ ಹೊರೆ, ನೋಡಲು ವಿಕಾರ, ಮುಂದೆ ಪ್ರತಿ ಸಲವೂ ಹೆಚ್ಚು ಮಸೆಯಬೇಕು. 0.25ಕ್ಕೆ ತಂದರೆ ಮುಖ 0.8 ಮಿ.ಮೀ. ಆಸುಪಾಸಿಗೆ ಬರುತ್ತದೆ. ಹಾಗಾಗಿ ಕುಳಿಯನ್ನು ಮತ್ತೆ ತೆಳು ಮಾಡಲೇಬೇಕು, ಅಂದರೆ ಸುಟ್ಟ ಜಾಗಕ್ಕೇ ಮತ್ತೆ ಬೆಲ್ಟ್ ತಾಗಬೇಕು. ಎಚ್ಚರಿಕೆ ಬೇಕಾಗಿರುವುದು ಇಲ್ಲಿ.

ಯಾಕೆ ಸುಡುತ್ತದೆ ಎಂಬುದಕ್ಕೆ ಒಂದು ಲೆಕ್ಕ ನೋಡಿ. ನಿಮ್ಮ ಕಲೆಯ ಜಾಗ 12 × 1.5 × 0.3 ಮಿ.ಮೀ., ಅಂದರೆ 5.4 ಘನ ಮಿ.ಮೀ. ಉಕ್ಕು, ತೂಕ 0.042 ಗ್ರಾಂ. ಅದನ್ನು 30 ಡಿಗ್ರಿಯಿಂದ 300ಕ್ಕೆ ಏರಿಸಲು ಬೇಕಾದದ್ದು ಐದೂವರೆ ಜೂಲ್ ಶಾಖ. ಒಂದು ಅಶ್ವಶಕ್ತಿಯ ಮೋಟಾರ್ ಸೆಕೆಂಡಿಗೆ 746 ಜೂಲ್ ಸುರಿಯುತ್ತದೆ. ಅದರ ಹತ್ತನೇ ಒಂದು ಪಾಲು ಆ ತುಣುಕಿಗೆ ಹೋದರೂ ಸೆಕೆಂಡಿನ ಹತ್ತರಲ್ಲಿ ಒಂದು ಭಾಗದೊಳಗೆ ಕೆಲಸ ಮುಗಿಯಿತು. ಕಣ್ಣು ಬಣ್ಣವನ್ನು ನೋಡಿ ಕೈಗೆ ಸುದ್ದಿ ಮುಟ್ಟಿಸಲು ಅದರ ಎರಡರಷ್ಟಾದರೂ ಸಮಯ ಬೇಕು. ಆದ್ದರಿಂದ ‘ಬಣ್ಣ ಬರುವ ಮೊದಲೇ ತೆಗೆಯುತ್ತೇನೆ’ ಎನ್ನುವುದು ತೆಳು ಅಂಚಿನಲ್ಲಿ ನಡೆಯದ ಮಾತು. ಅಷ್ಟು ಶಾಖ ಹುಟ್ಟದಂತೆಯೇ ವ್ಯವಸ್ಥೆ ಮಾಡಿಕೊಳ್ಳಬೇಕು.

ವ್ಯವಸ್ಥೆಯಲ್ಲಿ ಮೊದಲನೆಯದು ವೇಗ. ನಿಮ್ಮ ಗ್ರೈಂಡರಿನ ಡ್ರೈವ್ ಚಕ್ರ 100 ಮಿ.ಮೀ. ವ್ಯಾಸದ್ದು, ಮೋಟಾರ್ 2880 ಸುತ್ತಿನದು ಎಂದಾದರೆ ಬೆಲ್ಟ್ ಸೆಕೆಂಡಿಗೆ 15 ಮೀಟರ್ ಓಡುತ್ತದೆ. 1440 ಸುತ್ತಿನ ಮೋಟಾರಿಗೆ 7.5 ಮೀಟರ್. ಹಾರ್ಡನ್ ಮಾಡುವ ಮೊದಲು 15 ಅಡ್ಡಿಯಿಲ್ಲ. ಹಾರ್ಡನ್ ಆದ ತೆಳು ಅಲಗಿಗೆ 7.5 ಮೇಲ್ಮಿತಿ, ವಿಎಫ್‌ಡಿ (ಮೋಟಾರಿನ ವೇಗ ಬದಲಿಸುವ ಸಾಧನ) ಇದ್ದರೆ ಕೊನೆಯ ಹಂತದಲ್ಲಿ 3-4ಕ್ಕೆ ಇಳಿಸಿ. ಹೋಲಿಕೆಗೆ ಹೇಳುವುದಾದರೆ 11,000 ಸುತ್ತಿನ ನಾಲ್ಕು ಇಂಚಿನ ಆಂಗಲ್ ಗ್ರೈಂಡರಿನ ಅಂಚು ಸೆಕೆಂಡಿಗೆ 58 ಮೀಟರ್ ಓಡುತ್ತದೆ. ಹಾರ್ಡನ್ ಆದ ಕ್ಷೌರದ ಕತ್ತಿಯ ಹತ್ತಿರ ಅದನ್ನು ತರಲೇಬಾರದು.

ಎರಡನೆಯದು ಬೆಲ್ಟ್. ಹರಿತ ಹೋದ ಬೆಲ್ಟಿನ ಕಣಗಳು ಲೋಹವನ್ನು ಕೊಯ್ಯುವುದಿಲ್ಲ, ಉಜ್ಜುತ್ತವೆ, ಉಜ್ಜಿದ್ದೆಲ್ಲ ಶಾಖ. ಬೆಲ್ಟ್ ಹಳೆಯದಾದಷ್ಟೂ ಕೈ ತಾನಾಗಿ ಹೆಚ್ಚು ಒತ್ತುತ್ತದೆ, ಸುಡುವುದಕ್ಕೆ ಇದೇ ದೊಡ್ಡ ಕಾರಣ. ಅಂಚು 0.6 ಮಿ.ಮೀ.ಗೆ ಬಂದಾಗ ಹೊಸ ಸೆರಾಮಿಕ್ ಬೆಲ್ಟ್ ಹಾಕಿ, 120 ನಂಬರಿನದು ಸಾಕು. ತೆಳು ಅಂಚಿಗೆ ನುಣುಪು ಬೆಲ್ಟ್ ಸುರಕ್ಷಿತ ಎಂಬ ನಂಬಿಕೆ ವ್ಯಾಪಕವಾಗಿದೆ, ಅದು ತಲೆಕೆಳಗು. 400ರ ಬೆಲ್ಟ್ 120ಕ್ಕಿಂತ ಹೆಚ್ಚು ಬಿಸಿ ಮಾಡುತ್ತದೆ. 120ರ ಗೀರುಗಳನ್ನು ಆಮೇಲೆ ಕೈಯಿಂದ ವಾಟರ್ ಪೇಪರಿನಲ್ಲಿ ತೆಗೆಯಿರಿ. ಬಫಿಂಗ್ ಚಕ್ರವೂ ಇದೇ ಗುಂಪಿಗೆ ಸೇರಿದ್ದು; ಕಿಡಿ ಕಾಣದ ಕಾರಣ ಅದರ ಶಾಖ ಗೊತ್ತಾಗುವುದಿಲ್ಲ, ಕನ್ನಡಿಯಂಥ ಹೊಳಪಿನ ಆಸೆಗೆ ಕೊನೆ ಗಳಿಗೆಯಲ್ಲಿ ಹದ ಕಳೆದುಕೊಂಡ ಕತ್ತಿಗಳು ಕಡಿಮೆಯೇನಲ್ಲ.

ಮೂರನೆಯದು ನೀರು. ಬೆಲ್ಟಿಗೆ ತಾಗಿಸಿ ತೆಗೆದ ಮೇಲೆ ಅದ್ದುವುದಲ್ಲ, ತಾಗಿಸುವ ಮೊದಲು ಅದ್ದಬೇಕು, ಪ್ರತಿ ಸಲ. ಅಂಚಿನಲ್ಲಿ ನೀರಿನ ಹನಿ ಇರುವವರೆಗೆ ಲೋಹ 100 ಡಿಗ್ರಿ ದಾಟಿಲ್ಲ ಎಂಬುದಕ್ಕೆ ಅದಕ್ಕಿಂತ ಒಳ್ಳೆಯ ಥರ್ಮಾಮೀಟರ್ ಇಲ್ಲ. ಹನಿ ನಡುಗಿ ಒಣಗಿದ ಕ್ಷಣವೇ ಎತ್ತಿಬಿಡಿ. ಕೈಗವಸು ಹಾಕಬೇಡಿ, ಬರಿ ಬೆರಳು ಅಲಗಿನ ಬಿಸಿಯನ್ನು ಹೇಳುತ್ತದೆ. ಜೊತೆಗೆ ಓಡುವ ಬೆಲ್ಟಿಗೆ ಬಟ್ಟೆ ಸಿಕ್ಕಿಕೊಳ್ಳುವ ಅಪಾಯವೂ ಇಲ್ಲ. ಬೆಲ್ಟಿನ ಮೇಲೆ ನೀರು ಸಿಂಪಡಿಸುವ ಏರ್ಪಾಡು ಮಾಡಿಕೊಂಡರೆ ಇನ್ನೂ ಒಳ್ಳೆಯದು, ಆದರೆ ಆಗ ಮೋಟಾರಿಗೆ ಮುಚ್ಚಳ, ಸರಿಯಾದ ಅರ್ಥಿಂಗ್ ಮತ್ತು ಲೈನಿನಲ್ಲಿ ವಿದ್ಯುತ್ ಸೋರಿದರೆ ತಾನೇ ಕಡಿತಗೊಳಿಸುವ 30 ಮಿಲಿಆಂಪಿಯರಿನ ಆರ್‌ಸಿಸಿಬಿ ಇರಲೇಬೇಕು. ಜರ್ಮನಿಯ ಜೋಲಿಂಗೆನ್ ಊರಿನಲ್ಲಿ ವುಪ್ಪರ್ ನದಿಯ ದಂಡೆಯ ಸಾಣೆಮನೆಗಳು ನದಿಯ ನೀರಿನಿಂದಲೇ ದೊಡ್ಡ ಕಲ್ಲುಗಳನ್ನು ತಿರುಗಿಸಿ ಒದ್ದೆ ಕಲ್ಲಿನ ಮೇಲೆ ಅಲಗು ಸಾಣೆ ಹಿಡಿಯುತ್ತಿದ್ದವು. ವಿಪ್ಪರ್‌ಕೊಟ್ಟೆನ್‌ನಂಥ ಒಂದೆರಡು ಇವತ್ತಿಗೂ ಉಳಿದಿವೆ. ಒದ್ದೆ ಕಲ್ಲಿನ ಮೇಲೆ ತೆಳು ಅಲಗು ಸುಡುವುದು ಕಷ್ಟ. ನಮ್ಮ ಒಣ ಬೆಲ್ಟ್ ವೇಗ ಕೊಟ್ಟಿತು, ಆ ರಕ್ಷಣೆಯನ್ನು ಕಿತ್ತುಕೊಂಡಿತು.

ಕಲೆ ತುದಿಯಲ್ಲೇ ಬಂದದ್ದು ಆಕಸ್ಮಿಕವಲ್ಲ. ಅಲಗಿನ ಮಧ್ಯದಲ್ಲಿ ಹುಟ್ಟಿದ ಶಾಖ ಎಡಕ್ಕೂ ಬಲಕ್ಕೂ ಬೆನ್ನಿನ ಕಡೆಗೂ ಹರಿಯುತ್ತದೆ. ತುದಿಯಲ್ಲಿ ಒಂದು ದಿಕ್ಕು ಮುಚ್ಚಿಹೋಗಿರುತ್ತದೆ. ಅಲಗನ್ನು ಎಳೆಯುತ್ತಾ ತುದಿಗೆ ಬಂದಾಗ ಬೆಲ್ಟಿಗೆ ತಾಗಿರುವ ಲೋಹ ಕಡಿಮೆಯಾಗುತ್ತದೆ, ಒತ್ತಡ ಮಾತ್ರ ಅಷ್ಟೇ ಇರುತ್ತದೆ. ಇಷ್ಟು ಸಾಲದೆಂಬಂತೆ ದಿಕ್ಕು ಬದಲಿಸಲು ಕೈ ಅಲ್ಲೇ ಒಂದು ಕ್ಷಣ ನಿಲ್ಲುತ್ತದೆ. ಹಾಗಾಗಿ ತುದಿಗೆ 15 ಮಿ.ಮೀ. ಇರುವಾಗಲೇ ಒತ್ತಡ ಬಿಡುತ್ತಾ ಹೋಗಿ, ನಿಲ್ಲಿಸದೆ ಬೆಲ್ಟಿನಿಂದ ಆಚೆಗೆ ಹಾರಿಸಿಬಿಡಿ. ಮರಳಿ ಬರುವ ಎಳೆತ ಬೇಡ, ಅದ್ದಿ ಮತ್ತೆ ಹಿಮ್ಮಡಿಯಿಂದ ಶುರುಮಾಡಿ. ಒಂದು ಬದಿ ಒಂದು ಎಳೆತ, ಅದ್ದು, ಇನ್ನೊಂದು ಬದಿ ಒಂದು ಎಳೆತ. ಅಂಚು 0.3 ಮುಟ್ಟಿದ ಮೇಲೆ ಗ್ರೈಂಡರ್ ಆರಿಸಿ, ಉಳಿದದ್ದನ್ನು ಕೈಯಿಂದ ಮಾಡಿ. ಮುಂದಿನ ಕತ್ತಿಗೆ ಪಟ್ಟಿಯನ್ನೇ 20.5 ಮಿ.ಮೀ. ಅಗಲ, ತುದಿಯಲ್ಲಿ 3 ಮಿ.ಮೀ. ಹೆಚ್ಚು ಉದ್ದ ಬಿಟ್ಟು ಕತ್ತರಿಸಿಕೊಳ್ಳಿ. ಸುಟ್ಟರೆ ಸುಡುವುದು ಹೇಗೂ ಕಡಿದು ಬಿಸಾಡುವ ಲೋಹ. ಇದೆಲ್ಲದರ ನಡುವೆ ಉಕ್ಕು ಮತ್ತು ಬೆಲ್ಟಿನ ಧೂಳಿಗೆ ಎನ್95 ಅಥವಾ ಅದಕ್ಕಿಂತ ಮೇಲ್ದರ್ಜೆಯ ಮಾಸ್ಕ್ ಮರೆಯಬೇಡಿ.

ಮತ್ತೆ ಹಾರ್ಡನ್ ಮಾಡುವ ಬಗ್ಗೆ ಕೇಳಿದ್ದೀರಿ. ಅಂಚು 1 ಮಿ.ಮೀ.ಗಿಂತ ದಪ್ಪ ಇರುವಾಗ ಇಡೀ ಅಲಗು ನೀಲಿಗಟ್ಟಿದ್ದರೆ ಅದು ಸರಿಯಾದ ದಾರಿ. 680-700 ಡಿಗ್ರಿಯಲ್ಲಿ ಒಂದೆರಡು ಗಂಟೆ ಇಟ್ಟು ನಿಧಾನವಾಗಿ ತಣಿಸಿ ಹಳೆಯ ಹದವನ್ನು ಪೂರ್ತಿ ಬಿಡಿಸಬೇಕು. ಗಡಸಾಗಿರುವ ಉಕ್ಕನ್ನು ನೇರವಾಗಿ ಮತ್ತೆ ಹಾರ್ಡನ್ ಮಾಡಿದರೆ ಬಿರುಕು ಬಿಡುವ ಸಾಧ್ಯತೆ ಹೆಚ್ಚು. ಆಮೇಲೆ 830-845 ಡಿಗ್ರಿಯಲ್ಲಿ ಹತ್ತು ನಿಮಿಷ ನಿಲ್ಲಿಸಿ, 50-60 ಡಿಗ್ರಿಯ ಎಣ್ಣೆಯಲ್ಲಿ ಅದ್ದಿ, ಕೈಯಲ್ಲಿ ಹಿಡಿಯುವಷ್ಟು ಆರಿದ ಕೂಡಲೇ ಓವನ್ನಿಗೆ ಹಾಕಿ 180-190ರಲ್ಲಿ ಎರಡು ಸಲ ಒಂದೂವರೆ ಗಂಟೆ ಟೆಂಪರ್ ಮಾಡಬೇಕು. ಆದರೆ 0.3 ಮಿ.ಮೀ.ಗೆ ಬಂದ ನಿಮ್ಮ ಅಲಗಿಗೆ ಇದು ಬೇಡವೇ ಬೇಡ. 5.5 ಮಿ.ಮೀ. ಬೆನ್ನು ಕಾಯುವಷ್ಟರಲ್ಲಿ ತೆಳು ಅಂಚು ಮೈಮೇಲಿನ ಕಾರ್ಬನ್ನನ್ನು ಬೆಂಕಿಗೆ ಕಳೆದುಕೊಳ್ಳುತ್ತದೆ. ಎಣ್ಣೆಯಲ್ಲಿ ಅಂಚು ಮೊದಲು ಕುಗ್ಗಿ, ಬೆನ್ನು ಆಮೇಲೆ ಎಳೆದು, ಬಾಯಿ ಕರಿದ ಹಪ್ಪಳದಂತೆ ಅಲೆಯಲೆಯಾಗುತ್ತದೆ. ಆ ಅಲೆಗಳನ್ನು ಬಡಿದು ನೇರ ಮಾಡಲಾಗದು, ಉಜ್ಜಿ ತೆಗೆಯುವಷ್ಟು ದಪ್ಪವೂ ಉಳಿದಿರುವುದಿಲ್ಲ.

ಕಲೆ ಅಂಚಿನಿಂದ ದೂರ, ಕುಳಿಯ ಹೊಟ್ಟೆಯಲ್ಲಿ ಮಾತ್ರ ಬಂದಿದ್ದರೆ ಏನು ಎಂಬ ಪ್ರಶ್ನೆ ನಿಮಗೆ ಬಾರದಿದ್ದರೂ ಬೇರೆಯವರಿಗೆ ಬಂದೀತು. ಬಾಗುವಾಗಿನ ಬಿಗುವು ಗಡಸುತನದಿಂದ ಬದಲಾಗುವುದಿಲ್ಲ, ಆದ್ದರಿಂದ ಅಲಗಿನ ವರ್ತನೆ ಅಷ್ಟಾಗಿ ಕೆಡದು. ಅಂಚಿನಿಂದ 4-5 ಮಿ.ಮೀ. ಮೇಲಿರುವ ಹಳದಿ ಕಲೆಯನ್ನು ಹಾಗೇ ಬಿಡಬಹುದು, ಮಸೆದು ಮಸೆದು ಅಂಚು ಅಲ್ಲಿಗೆ ತಲುಪಲು ಬಹಳ ವರ್ಷ ಬೇಕು. ಬಾಯಿಯಲ್ಲೇ ತಿಳಿ ಹುಲ್ಲಿನ ಬಣ್ಣ ಒಂದು ಕ್ಷಣ ಸುಳಿದಿದ್ದರೂ, 190-200ರಲ್ಲಿ ಟೆಂಪರ್ ಆದ ಅಲಗಿಗೆ ಗಮನಿಸುವಂಥ ನಷ್ಟವಿಲ್ಲ. ಕಂದು ಬಂದರೆ ಮಾತ್ರ ತೆಗೆಯಲೇಬೇಕು.

ದುರಸ್ತಿ ಸರಿಯಾಯಿತೇ ಎಂಬುದನ್ನು ಕೊನೆಗೆ 1000 ನಂಬರಿನ ಕಲ್ಲೇ ಹೇಳುತ್ತದೆ. ಬೆನ್ನಿಗೆ ಒಂದು ಪದರ ಇನ್ಸುಲೇಷನ್ ಟೇಪ್ ಸುತ್ತಿ, ಬಾಯಿಯ ಎರಡೂ ಮುಖಗಳಿಗೆ ಮಾರ್ಕರ್ ಬಳಿದು, ಶಾಯಿ ಅಂಚಿನವರೆಗೆ ಪೂರ್ತಿ ಹೋಗುವ ತನಕ ಹಗುರವಾಗಿ ಮಸೆಯಿರಿ. ಗಡಸಾದ ಲೋಹ ಅಂಚಿನಲ್ಲಿ ಸಣ್ಣ ಬರ್ (ಮಡಚಿ ಎದ್ದ ಲೋಹದ ತೆಳು ಎಳೆ) ಎಬ್ಬಿಸುತ್ತದೆ, ಒತ್ತಡ ಕಡಿಮೆ ಮಾಡಿ ಬದಿ ಬದಲಿಸುತ್ತಾ ಐದಾರು ಸಲ ಎಳೆದರೆ ಅದು ಉದುರಿಹೋಗುತ್ತದೆ. ಮೆತ್ತಗಿನ ಲೋಹದ ಬರ್ ಉದುರುವುದಿಲ್ಲ. ಈ ಬದಿಯಿಂದ ಆ ಬದಿಗೆ ಮಗುಚುತ್ತಾ ತಂತಿಯಂತೆ ಅಂಟಿಕೊಂಡಿರುತ್ತದೆ. ಹೆಬ್ಬೆರಳಿನ ಉಗುರನ್ನು ಬೆನ್ನಿನಿಂದ ಬಾಯಿಯ ಕಡೆಗೆ ಸವರಿದರೆ ಸಿಕ್ಕುತ್ತದೆ, 30 ಪಟ್ಟು ದೊಡ್ಡದಾಗಿಸುವ ಭೂತಗನ್ನಡಿಯಲ್ಲಿ ಬೆಳಕಿನ ಗೆರೆಯಾಗಿ ಹೊಳೆಯುತ್ತದೆ. ತುದಿಯ 12 ಮಿ.ಮೀ.ನಲ್ಲಿ ಹಾಗೆ ಕಂಡರೆ ಇನ್ನೂ ಮೆತ್ತಗಿನ ಲೋಹ ಉಳಿದಿದೆ. ಮತ್ತೆ ಅಲಗನ್ನು ಲಂಬವಾಗಿ ನಿಲ್ಲಿಸಿ 0.2 ಮಿ.ಮೀ. ತೆಗೆದು, ಮತ್ತೆ 1000ಕ್ಕೆ ಬನ್ನಿ. ಹಿಮ್ಮಡಿಯಿಂದ ತುದಿಯವರೆಗೆ ಬರ್ ಒಂದೇ ರೀತಿ ಉದುರಿದ ಮೇಲೆಯೇ 3000, 8000ದ ಕಲ್ಲುಗಳಿಗೆ, ಅಲ್ಲಿಂದ ಚರ್ಮದ ಪಟ್ಟಿಗೆ ಹೋಗಿ.